ಮಡಿಸುವ ಚಾಕುವನ್ನು ಮಾಡಿಸುವ ಕ್ರಮ

ಒಕ್ಕಲುತನದ ಸಲಕರಣೆಗಳಲ್ಲಿ ನೇಗಿಲು, ಕುಂಟೆ, ಕೂರಿಗೆಗಳಿಗೆ ಸಲ್ಲುವಷ್ಟು ವಿಚಾರವು ಜೇಬಿನ ಚಾಕುವಿಗೆ ಸಲ್ಲುವುದಿಲ್ಲ. ಕೂರಿಗೆಯನ್ನು ಮಾಡಿಸತಕ್ಕ ಒಕ್ಕಲಿಗನು ಬಡಿಗನ ಮನೆಗೆ ನಾಲ್ಕು ಸಲ ತಿರುಗಿ, ಕಟ್ಟಿಗೆಯನ್ನು ತಾನೇ ಆರಿಸಿ, ತಾಳುಗಳ ಅಂತರವನ್ನು ಗೇಣಿನಿಂದ ಅಳೆದು ನೋಡುತ್ತಾನೆ. ಚಾಕುವನ್ನಾದರೋ ಜಾತ್ರೆಯ ಅಂಗಡಿಯಲ್ಲಿ ಹೊಳಪನ್ನು ಕಂಡು ಕೊಂಡುಬರುತ್ತಾನೆ. ಆದರೆ ಕೂರಿಗೆಯು ವರ್ಷದಲ್ಲಿ ಕೆಲವೇ ದಿನ ಹೊಲಕ್ಕೆ ಹೋಗುವುದು. ಚಾಕುವು ದಿನಕ್ಕೆ ಹತ್ತು ಸಲ ಕೈಗೆ ಬರುವುದು. ಗೊಬ್ಬರದ ಚೀಲದ ಹೊಲಿಗೆಯನ್ನು ಬಿಚ್ಚುವುದು, ಹನಿ ನೀರಾವರಿಯ ಕೊಳವೆಯನ್ನು ತುಂಡರಿಸುವುದು, ಹಗ್ಗವನ್ನು ಕೊಯ್ಯುವುದು, ಗಿಡದ ಟೊಂಗೆಯನ್ನು ಸವರುವುದು, ಕುರಿಯ ಗೊರಸಿನ ಅಂಚನ್ನು ತೆಗೆಯುವುದು, ಇವೆಲ್ಲಕ್ಕೂ ಅದೇ ಒಂದು ಅಲಗು.

ಅಲಗು ಕೆಟ್ಟದ್ದಾದರೆ ಆಗುವ ನಷ್ಟವು ಚಾಕುವಿನ ಬೆಲೆಯಷ್ಟೇ ಅಲ್ಲ. ಕುತ್ತಿಗೆಗೆ ಹಗ್ಗ ಸುತ್ತಿಕೊಂಡು ಎತ್ತು ಕೊಟ್ಟಿಗೆಯಲ್ಲಿ ಬಿದ್ದು ಒದ್ದಾಡುವ ಹೊತ್ತಿಗೆ, ಎಷ್ಟು ಎಳೆದಾಡಿದರೂ ಹಗ್ಗವನ್ನು ಹರಿಯದ ಚಾಕು ಜೇಬಿನಲ್ಲಿದ್ದರೇನು, ಇಲ್ಲದಿದ್ದರೇನು? ಬಲ ಹಾಕಿದೊಡನೆ ಕೀಲು ಸಡಿಲಿ ಬೆರಳ ಮೇಲೆ ಮಡಿಚಿಕೊಳ್ಳುವ ಚಾಕುವು ಇದಕ್ಕಿಂತಲೂ ಕೆಟ್ಟದ್ದು. ಸುಗ್ಗಿಯ ದಿನಗಳಲ್ಲಿ ಬಲಗೈಯ ಹೆಬ್ಬೆರಳು ಕೊಯ್ದುಕೊಂಡವನ ಕೂಲಿಯ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಆದುದರಿಂದ ಊರಿನ ಕಮ್ಮಾರನಿಂದ ಚಾಕುವನ್ನು ಹೇಳಿ ಮಾಡಿಸುವಾಗ ಏನನ್ನು ಕೇಳಬೇಕು, ಏನನ್ನು ಕೊಡಬೇಕು, ಏನನ್ನು ನೋಡಿ ತರಬೇಕು ಎಂಬುದನ್ನು ತಿಳಿದಿರುವುದು ಉಚಿತ.

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಗೆ ಕಬ್ಬಿಣದ ಪರಿಚಯವು ನಿನ್ನೆಯದಲ್ಲ. ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಸರಕಾರದ ಪರವಾಗಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಎಂಬವರು ೧೮೫೦ರ ಆಸುಪಾಸಿನಲ್ಲಿ ಇಲ್ಲಿಯ ಪ್ರಾಚೀನ ಕಲ್ಲುಗೋರಿಗಳನ್ನು ಪರೀಕ್ಷಿಸಿ ವಿವರ ಬರೆದರು. ಭೀಮಾ ನದಿಯ ಕಡೆಯ ಜೇವರ್ಗಿಯ ಗೋರಿಗಳನ್ನು ಅಗೆಸಿದಾಗ ಕಬ್ಬಿಣದ ಆಯುಧಗಳೂ ದೊರೆತವು. ದಕ್ಷಿಣದ ಕುಲುಮೆಗಳಲ್ಲಿ ಮಣ್ಣಿನ ಮೂಸೆಯೊಳಗೆ ಕರಗಿಸಿ ಮಾಡುತ್ತಿದ್ದ ಉಕ್ಕು ಪರದೇಶಗಳಲ್ಲಿ ವೂಟ್ಸ್ ಎಂಬ ಹೆಸರಿನಿಂದ ಖ್ಯಾತಿಗೊಂಡಿತ್ತು. ಆ ಹೆಸರು ಕನ್ನಡದ ಉಕ್ಕು ಎಂಬ ಶಬ್ದದಿಂದಲೇ ಹುಟ್ಟಿತೆಂದು ಅನೇಕ ವಿದ್ವಾಂಸರ ಮತ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಎಂಬವರು ಈ ಕೆಲಸವನ್ನು ಕಣ್ಣಾರೆ ಕಂಡು ವರ್ಣಿಸಿರುವರು. ಆ ಕಾಲದ ಕಸುಬುಗಾರನಿಗೆ ತನ್ನ ಉಕ್ಕಿನ ಹುಟ್ಟು ತಿಳಿದಿತ್ತು. ಈಗಿನ ಕಮ್ಮಾರನಾದರೋ ಗುಜರಿಯಿಂದ ಬಂದ ತುಂಡನ್ನು ಕಾಯಿಸಿ ಬಡಿಯುವವನು. ತುಂಡಿನ ಹುಟ್ಟು ತಿಳಿಯದೆ ಅದಕ್ಕೆ ಹದ ಹಿಡಿಸುವುದು ಕುರುಡು ಕೆಲಸ. ಎಷ್ಟೋ ಚಾಕುಗಳು ಕೆಡುವುದು ಕೈಗುಣದಿಂದಲ್ಲ, ಈ ಅಜ್ಞಾನದಿಂದ.

ಕೆಲಸವೂ ಅಲಗಿನ ಆಕಾರವೂ

ಮೊದಲು ನಿಶ್ಚಯಿಸಬೇಕಾದುದು ಉಕ್ಕನ್ನಲ್ಲ, ಕೆಲಸವನ್ನು. ದನಕರುಗಳ ನಡುವೆ ಹಗ್ಗ ಕೊಯ್ಯುವುದೇ ಮುಖ್ಯವಾದರೆ ಚೂಪು ಮೊನೆಯು ಬೇಡ; ಬಾಯಿ ನೇರವಾಗಿದ್ದು, ಬೆನ್ನು ತುದಿಯಲ್ಲಿ ಕೆಳಕ್ಕೆ ಬಾಗಿ ಮೊಂಡಾಗಿ ಮುಗಿಯುವ ಅಲಗು ಬೇಕು. ಒದ್ದಾಡುವ ಪ್ರಾಣಿಯ ಕುತ್ತಿಗೆಯ ಬಳಿ ಚೂಪು ಮೊನೆಯನ್ನು ಒಯ್ಯುವುದು ಒಂದು ಅಪಾಯವನ್ನು ಕಳೆಯಲು ಇನ್ನೊಂದನ್ನು ಕರೆದಂತೆ. ಗಿಡ ಸವರುವವರಿಗೆ ಗಿಳಿಯ ಕೊಕ್ಕಿನಂತೆ ಒಳಕ್ಕೆ ಬಾಗಿದ ಅಲಗು ಹಿತ. ಟೊಂಗೆಯು ಬಾಯಿಂದ ಜಾರಿಹೋಗುವುದಿಲ್ಲ. ಮಾವು, ನಿಂಬೆಗಳಿಗೆ ಕಸಿ ಕಟ್ಟುವವರ ಚಾಕು ಬೇರೆಯೇ ಜಾತಿಯದು: ಅದರ ಒಂದು ಮಗ್ಗುಲು ಪೂರಾ ಚಪ್ಪಟೆಯಾಗಿದ್ದು, ಇನ್ನೊಂದು ಮಗ್ಗುಲಿಗೆ ಮಾತ್ರ ಇಳಿಜಾರು ಇರತಕ್ಕದ್ದು. ಹಾಗಿದ್ದರೆ ಕಸಿಕಡ್ಡಿಯ ಕೊಯ್ತವು ಸಮತಲವಾಗಿ, ಬೇರುಗಿಡದ ಕೊಯ್ತಕ್ಕೆ ಸಂದಿಲ್ಲದೆ ಕೂಡುವುದು. ಎಡಗೈಯವನಾದರೆ ಚಪ್ಪಟೆ ಮಗ್ಗುಲು ಅದಲುಬದಲಾಗಬೇಕು; ಇದನ್ನು ಕಮ್ಮಾರನಿಗೆ ಮೊದಲೇ ಹೇಳದೆ ಆಮೇಲೆ ಜಗಳವಾಡಿ ಫಲವಿಲ್ಲ.

ಎಲ್ಲ ಕೆಲಸಕ್ಕೂ ಒಂದೇ ಚಾಕು ಬೇಕೆನ್ನುವ ಜಮೀನುದಾರನಿಗೆ ೩ ಅಂಗುಲದ, ಎಂದರೆ ಸುಮಾರು ೭೫ ಮಿಲಿಮೀಟರಿನ, ನೇರ ಬಾಯಿಯ ಅಲಗು ಸಾಕು. ಬೆನ್ನಿನ ದಪ್ಪವು ೨ರಿಂದ ೨.೫ ಮಿಲಿಮೀಟರು. ದಪ್ಪ ಹೆಚ್ಚಾದಷ್ಟೂ ಗಟ್ಟಿಯೆಂಬ ಭಾವನೆಯು ತಪ್ಪು. ದಪ್ಪ ಅಲಗು ಕೊಯ್ಯುವುದಿಲ್ಲ, ಸೀಳುತ್ತದೆ. ಕಟ್ಟಿಗೆ ಸೀಳಲು ಕೊಡಲಿಯಿದೆ.

ಉಕ್ಕು

ಕಬ್ಬಿಣಕ್ಕೂ ಉಕ್ಕಿಗೂ ಇರುವ ಭೇದವು ಇಂಗಾಲದ ಅಂಶದಲ್ಲಿದೆ. ನೂರು ಪಾಲಿನಲ್ಲಿ ಕಾಲು ಪಾಲಿನಷ್ಟು ಇಂಗಾಲವಿರುವ ಮೆದು ಕಬ್ಬಿಣವನ್ನು ಎಷ್ಟು ಕಾಯಿಸಿ ನೀರಿಗೆ ಹಾಕಿದರೂ ಅದು ಚಾಕುವಿಗೆ ಬೇಕಾದಷ್ಟು ಗಡುಸಾಗದು. ಮನೆ ಕಟ್ಟುವ ಸಳಿ, ಗಾಡಿಯ ಗಾಲಿಯ ಹಳೆಯ ಪಟ್ಟಿ, ಬಾಗಿಲಿನ ಚಿಲಕ ಇವೆಲ್ಲ ಈ ಪಂಗಡದವು. ಇವುಗಳಿಂದ ಮಾಡಿದ ಅಲಗು ಮೊದಲ ದಿನ ಚೆನ್ನಾಗಿ ಕೊಯ್ದು ಮೂರನೆಯ ದಿನಕ್ಕೆ ಬಾಯಿ ಮಡಿಚಿಕೊಳ್ಳುವುದು. ಅಲಗಿಗೆ ನೂರರಲ್ಲಿ ಅರ್ಧ ಪಾಲಿಗಿಂತ ಹೆಚ್ಚು, ಸಾಧ್ಯವಾದರೆ ಮುಕ್ಕಾಲರಿಂದ ಒಂದು ಪಾಲಿನವರೆಗೆ ಇಂಗಾಲವಿರಬೇಕು.

ಹಳ್ಳಿಗಳಲ್ಲಿ ಸುಲಭವಾಗಿ ದೊರೆಯುವುದು ಲಾರಿ, ಟ್ರೇಲರುಗಳ ಕಮಾನು ಪಟ್ಟಿ. ಇದರಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ತುಸು ಹೆಚ್ಚಿನ ಇಂಗಾಲವೂ, ಅದರ ಜೊತೆಗೆ ಸ್ವಲ್ಪ ಕ್ರೋಮಿಯಂ ಅಥವಾ ಸಿಲಿಕಾನ್ ಇವೂ ಸೇರಿರುತ್ತವೆ. ಇದು ಮುರಿಯದ ಉಕ್ಕು. ಕುಡುಗೋಲಿಗೂ ಕೊಡಲಿಗೂ ಯೋಗ್ಯ, ಚಾಕುವಿಗೂ ಅಡ್ಡಿಯಿಲ್ಲ. ಆದರೆ ಬಹುಕಾಲ ಭಾರ ಹೊತ್ತ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಆದುದರಿಂದ ಮುರಿದ ಜಾಗದ ಪಕ್ಕದ ತುಂಡನ್ನು ಬಿಟ್ಟು, ಭಾರ ಕಡಿಮೆ ಬಿದ್ದಿರುವ ತುದಿಯ ಕಡೆಯಿಂದ ಕತ್ತರಿಸಿ ಕೊಡತಕ್ಕದ್ದು.

ಇದಕ್ಕಿಂತ ಹರಿತವು ನಿಲ್ಲುವುದು ಹಳೆಯ ಅರದ ಉಕ್ಕಿನಲ್ಲಿ. ಒಳ್ಳೆಯ ಅರದಲ್ಲಿ ಒಂದು ಪಾಲಿಗೂ ಮೀರಿದ ಇಂಗಾಲವಿರುವುದು. ಅದನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ರಾತ್ರಿಯೆಲ್ಲ ಆರಲು ಬಿಟ್ಟು ಮೆದುಮಾಡಿದ ಮೇಲೆ ಹಲ್ಲುಗಳನ್ನು ಪೂರಾ ಸವೆಸಿ ತೆಗೆಯಬೇಕು. ಹಲ್ಲಿನ ಗೆರೆಯು ಉಳಿದರೆ ಅಲಗು ಅಲ್ಲಿಯೇ ಸೀಳುವುದು. ಅಗ್ಗದ ಅರಗಳಲ್ಲಿ ಕೆಲವು ಮೇಲುಮೈ ಮಾತ್ರ ಗಡುಸಾಗಿ ಒಳಗೆ ಮೆದುವಾಗಿರುವುದೂ ಉಂಟು. ಬೇರಿಂಗಿನ ಬಳೆಯು ಉತ್ತಮ ಉಕ್ಕೇ ಸರಿ, ಸುಮಾರು ಒಂದು ಪಾಲು ಇಂಗಾಲ, ಒಂದೂವರೆ ಪಾಲು ಕ್ರೋಮಿಯಂ. ಆದರೆ ಸುತ್ತಿಗೆಗೆ ಸುಲಭವಾಗಿ ಬಗ್ಗದು, ಹದಕ್ಕೂ ಹೆಚ್ಚು ಎಚ್ಚರ ಬೇಡುವುದು. ಅನುಭವವುಳ್ಳ ಕೈಗೆ ಮಾತ್ರ ಅದನ್ನು ಕೊಡುವುದು ಲೇಸು.

ತುಂಡಿನ ಹುಟ್ಟು ತಿಳಿಯದಿದ್ದಾಗ ಎರಡು ಪರೀಕ್ಷೆಗಳುಂಟು. ತಿರುಗುವ ಸಾಣೆಗೆ ತುಂಡನ್ನು ಮುಟ್ಟಿಸಿದಾಗ ಮೆದು ಕಬ್ಬಿಣದ ಕಿಡಿಗಳು ಉದ್ದ ಗೆರೆಗಳಂತೆ ಹೋಗಿ ಹೆಚ್ಚು ಒಡೆಯದೆ ನಂದುತ್ತವೆ. ಇಂಗಾಲ ಹೆಚ್ಚಿದ ಉಕ್ಕಿನ ಕಿಡಿಗಳು ದೀಪಾವಳಿಯ ಸುರುಸುರುಬತ್ತಿಯಂತೆ ಕವಲೊಡೆದು ಸಿಡಿಯುತ್ತವೆ. ಎರಡನೆಯದು ಇನ್ನೂ ನಂಬಿಕೆಯದು. ಬೆರಳಿನಗಲದ ಚೂರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಆರಿದ ಮೇಲೆ ಇಕ್ಕಳದಲ್ಲಿ ಹಿಡಿದು, ಮೇಲೆ ಗೋಣಿ ಮುಚ್ಚಿ ಹೊಡೆಯಬೇಕು. ಬಾಗಿದರೆ ಕಬ್ಬಿಣ, ಟಕ್ಕನೆ ಮುರಿದು ಒಳಗೆ ಸಣ್ಣ ಬೂದುಬಣ್ಣದ ಕಣಗಳು ಕಂಡರೆ ಉಕ್ಕು. ಈ ಚೂರಿನ ನಷ್ಟಕ್ಕೆ ಯಾರೂ ಬೇಸರಪಡಬಾರದು.

ಇನ್ನು ತುಕ್ಕು ಹಿಡಿಯದ ಉಕ್ಕಿನ, ಎಂದರೆ ಸ್ಟೀಲ್ ಎಂದು ಜನರು ಕರೆಯುವುದರ ವಿಚಾರ. ೧೯೧೩ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವರು ಸುಮಾರು ೧೩ ಪಾಲು ಕ್ರೋಮಿಯಂ ಸೇರಿಸಿ ಕರಗಿಸಿದ ಉಕ್ಕು ಇದರ ಪೂರ್ವಜ. ಚಾಕುವಿಗೆ ತಕ್ಕ ಇಂತಹ ಉಕ್ಕು ಇದೆ. ಆದರೆ ಅದರ ಹದಕ್ಕೆ ಬೇಕಾದ ಹೆಚ್ಚಿನ ಶಾಖವನ್ನು ಇದ್ದಿಲ ಕುಲುಮೆಯಲ್ಲಿ ಅಳತೆ ತಪ್ಪದೆ ಹಿಡಿದಿಡುವುದು ಕಷ್ಟ. ಅಡುಗೆಯ ಪಾತ್ರೆಯ ಸ್ಟೀಲಾದರೋ ಯಾವ ಶಾಖಕ್ಕೂ ಗಡುಸಾಗದ ಬೇರೆ ಜಾತಿ. ಒಡೆದ ತಟ್ಟೆಯಿಂದ ಅಲಗು ಮಾಡಿಸಲು ಹೊರಡುವವರು ಈ ಒಂದು ಸಂಗತಿಯನ್ನು ನೆನಪಿಡಬೇಕು.

ಹಾಗಾದರೆ ಸ್ಟೀಲು ಯಾರಿಗೆ? ದಾಳಿಂಬೆ ಹಾಕಿದವರಿಗೆ. ದುಂಡಾಣು ಅಂಗಮಾರಿ ರೋಗವು ಸವರುವ ಸಲಕರಣೆಗಳ ಮೂಲಕ ಗಿಡದಿಂದ ಗಿಡಕ್ಕೆ ಹಬ್ಬುತ್ತದೆ. ಆದುದರಿಂದ ಪ್ರತಿ ಗಿಡವನ್ನು ಸವರಿದ ಮೇಲೆ ಅಲಗನ್ನು ಸೋಡಿಯಂ ಹೈಪೋಕ್ಲೋರೈಟಿನ ದ್ರಾವಣದಲ್ಲಿ ಅದ್ದಬೇಕಾಗುವುದು. ಆ ದ್ರಾವಣವು ಸಾದಾ ಉಕ್ಕನ್ನು ಒಂದೇ ದಿನದಲ್ಲಿ ಕೆಂಪಗೆ ಮಾಡಿಬಿಡುವುದು. ರೋಗಕ್ಕೆ ಹೆದರಿ ಅದ್ದಿದರೆ ಚಾಕು ಹಾಳು, ಚಾಕುವಿಗೆ ಮರುಗಿ ಅದ್ದದಿದ್ದರೆ ತೋಟ ಹಾಳು. ಅಂಥವರು ಕಾರ್ಖಾನೆಯಲ್ಲಿ ಹದವಾಗಿ ಬಂದ ಸ್ಟೀಲಿನ ಅಲಗನ್ನು ಕೊಂಡು, ಊರಿನಲ್ಲಿ ಹಿಡಿಯನ್ನು ಮಾತ್ರ ಕೂಡಿಸಿಕೊಳ್ಳುವುದು ಜಾಣತನ. ನಾರಾಯಣಪುರದ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಶಹಾಪುರ, ಸುರಪುರಗಳ ಕೆಸರು ಗದ್ದೆಗಳಲ್ಲಿ ದಿನವೆಲ್ಲ ನಿಲ್ಲುವವರೂ ಇದನ್ನು ಯೋಚಿಸಬಹುದು. ಒಣಬೇಸಾಯದ ತೊಗರಿ, ಜೋಳ, ಹತ್ತಿಗಳ ರೈತನಿಗೆ ಸಾದಾ ಉಕ್ಕೇ ಮೇಲು. ಹೊಲದ ಬದುವಿನ ಮೇಲೆ ಕುಳಿತು ಸಣ್ಣ ಕಲ್ಲಿನಿಂದ ಮಸೆದುಕೊಳ್ಳಬಹುದು.

ಹದ

ಒಳ್ಳೆಯ ಉಕ್ಕನ್ನು ಕೊಟ್ಟರೂ ಹದ ತಪ್ಪಿದರೆ ಎಲ್ಲವೂ ವ್ಯರ್ಥ. ಬಡಿದು ಆಕಾರಕ್ಕೆ ತಂದ ಅಲಗನ್ನು ಎರಡು ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಿಸಬೇಕು. ಇದರಿಂದ ಸುತ್ತಿಗೆಯ ಪೆಟ್ಟಿನ ಒತ್ತಡವು ಇಳಿಯುವುದು. ಅನಂತರ ಗಡುಸುಗೊಳಿಸುವ ಕಾವು. ಇದನ್ನು ಬಿಸಿಲಿನಲ್ಲಿ ಮಾಡಲಾಗದು. ಬೆಳಕಿನಲ್ಲಿ ಕೆಂಪು ಕಾಣದೆ ಅಲಗು ಮಿತಿಮೀರಿ ಕಾಯುತ್ತದೆ. ಸಂಜೆಯ ಮಬ್ಬಿನಲ್ಲಿ ಅಥವಾ ನೆರಳು ಮಾಡಿಕೊಂಡು ಕೆಲಸಕ್ಕೆ ಕೂಡಬೇಕು. ಕಾವಿನ ಅಳತೆಗೆ ಅಯಸ್ಕಾಂತವು ಬಡವನ ಉಷ್ಣಮಾಪಕ. ಹಳೆಯ ಧ್ವನಿವರ್ಧಕದಿಂದ ಕಿತ್ತ ತುಂಡಾದರೂ ಸಾಕು. ಉಕ್ಕು ಸುಮಾರು ೭೭೦ ಡಿಗ್ರಿ ಸೆಲ್ಸಿಯಸ್ ಕಾವಿಗೆ ಬಂದಾಗ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಬಿಟ್ಟ ಮೇಲೆ ಇನ್ನು ತುಸುವೇ ಕಾಯಿಸಿ ಒಮ್ಮೆಲೇ ಅದ್ದಬೇಕು.

ಯಾವುದರಲ್ಲಿ ಅದ್ದಬೇಕು? ಇಲ್ಲಿಯೇ ಬಹು ಚಾಕುಗಳು ಬಿರಿಯುತ್ತವೆ. ಕುಡುಗೋಲಿಗೆ ರೂಢಿಯಾದ ಕಲ್ಲುಬಾನಿಯ ತಣ್ಣೀರು ತೆಳುವಾದ ಅಲಗಿಗೆ ಬಲು ಉಗ್ರ. ಕೈಗೆ ಬೆಚ್ಚಗೆ ತಾಗುವಷ್ಟು ಬಿಸಿ ಮಾಡಿದ ಶೇಂಗಾ ಎಣ್ಣೆಯಲ್ಲಿ, ಬಾಯಿ ಕೆಳಗಾಗಿ, ನೇರವಾಗಿ ಇಳಿಸಬೇಕು. ಓರೆಯಾಗಿ ಇಳಿಸಿದರೆ ಅಲಗು ಡೊಂಕಾಗುವುದು. ಎಣ್ಣೆಯು ಹೊತ್ತಿಕೊಳ್ಳಬಹುದಾದ ಕಾರಣ ಕಬ್ಬಿಣದ ಪಾತ್ರೆಯನ್ನೂ ಮುಚ್ಚಲು ತಗಡನ್ನೂ ಹತ್ತಿರದಲ್ಲಿಟ್ಟುಕೊಳ್ಳತಕ್ಕದ್ದು. ಅದ್ದಿ ತೆಗೆದ ಅಲಗಿನ ಮೇಲೆ ಅರವನ್ನು ಎಳೆದರೆ ಗಾಜಿನ ಮೇಲೆ ಜಾರಿದಂತೆ ಜಾರಬೇಕು. ಕಚ್ಚಿದರೆ ಗಡುಸಾಗಿಲ್ಲ, ಮತ್ತೆ ಕಾಯಿಸುವುದೇ ಗತಿ.

ಹೀಗೆ ಗಡುಸಾದ ಅಲಗು ಗಾಜಿನಷ್ಟೇ ಬಿರುಸು; ನೆಲಕ್ಕೆ ಬಿದ್ದರೂ ಮುರಿಯಬಹುದು. ಆ ಬಿರುಸನ್ನು ಕೊಂಚ ಇಳಿಸುವುದೇ ಹದ. ಅಲಗನ್ನು ಬೆಳ್ಳಗೆ ಉಜ್ಜಿ, ಕೆಂಪಗೆ ಕಾಯಿಸಿದ ದಪ್ಪ ಕಬ್ಬಿಣದ ಮೇಲೆ ಅದರ ಬೆನ್ನನ್ನು ಇಟ್ಟು ನೋಡುತ್ತಿದ್ದರೆ ಬಣ್ಣಗಳು ಬೆನ್ನಿನಿಂದ ಬಾಯಿಯ ಕಡೆಗೆ ಹರಿಯುತ್ತವೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕಡೆಗೆ ನೀಲಿ. ಹಳದಿಯು ಸುಮಾರು ೨೨೦ ಡಿಗ್ರಿಯ ಗುರುತು, ನೀಲಿಯು ಸುಮಾರು ೩೦೦ರದು. ಬಾಯಿಯಲ್ಲಿ ಹಳದಿಯು ಕಂದಿಗೆ ತಿರುಗುವ ಮುನ್ನ ನೀರಿಗೆ ಹಾಕಿ ನಿಲ್ಲಿಸಬೇಕು. ಅಷ್ಟರಲ್ಲಿ ಬೆನ್ನು ನೇರಳೆಯನ್ನೋ ನೀಲಿಯನ್ನೋ ಮುಟ್ಟಿ ಮೆದುವಾಗಿ, ಅಲಗಿಗೆ ಬಾಗುವ ಶಕ್ತಿಯನ್ನು ಕೊಡುವುದು. ನೀಲಿಯು ಬಾಯಿಯವರೆಗೆ ಓಡಿದರೆ ಅದು ಚಾಕುವಲ್ಲ, ಕಮಾನು.

ಮಾಡಿಸುವವನು ಈ ಹೊತ್ತಿನಲ್ಲಿ ಕುಲುಮೆಯ ಬಳಿ ಇರುವುದು ಒಳ್ಳೆಯದು. ಅಧಿಕಾರ ನಡೆಸಲಿಕ್ಕಲ್ಲ, ಕಮ್ಮಾರನಿಗೆ ಅವಸರವಿಲ್ಲವೆಂದು ತಿಳಿಸಲಿಕ್ಕೆ. ಮುಂಗಾರಿನ ಮುಂದೆ ಕುಂಟೆಯ ಕುಡಗಳು ಸಾಲುಗಟ್ಟಿ ನಿಂತಿರುವಾಗ ಚಾಕುವನ್ನು ಕೇಳಿದರೆ ಹದಕ್ಕೆ ಬೇಕಾದ ತಾಳ್ಮೆ ಯಾರಲ್ಲಿರುವುದು? ಸುಗ್ಗಿ ಮುಗಿದ ಮೇಲೆ ಕೊಡುವುದೇ ಸರಿ.

ಆಮೇಲಿನ ಅಪಾಯವೊಂದಿದೆ. ಊರೂರು ತಿರುಗುವ ಸಾಣೆಯವರು ಒಣ ಚಕ್ರಕ್ಕೆ ಅಲಗನ್ನು ಒತ್ತಿ ಹಿಡಿದಾಗ ಬಾಯಿ ಕ್ಷಣಮಾತ್ರದಲ್ಲಿ ನೀಲಿಯಾಗುವುದು. ಆ ನೀಲಿಯೊಡನೆ ಕಮ್ಮಾರನ ಇಡೀ ದಿನದ ಕೆಲಸವು ಹೋಯಿತೆಂದೇ ತಿಳಿಯಬೇಕು. ಮಾತುಮಾತಿಗೆ ನೀರಿನಲ್ಲಿ ಅದ್ದುತ್ತ ಹಿಡಿದರೆ ದೋಷವಿಲ್ಲ.

ಕೀಲು ಮತ್ತು ಹಿಡಿ

ಮಡಿಸುವ ಚಾಕುಗಳಲ್ಲಿ ಬೆನ್ನಿನೊಳಗೆ ಕಮಾನು ಇರುವುದು ಒಂದು ಬಗೆ, ಇಲ್ಲದ್ದು ಇನ್ನೊಂದು. ಕಮಾನಿನ ಚಾಕು ತೆರೆದಾಗ ಟಕ್ಕೆಂದು ನಿಲ್ಲುವುದು, ನೋಡಲು ಸೊಗಸು. ಆದರೆ ಆ ಕಮಾನಿಗೂ ನೀಲಿಯ ಹದ ಬೇಕು, ಅಲಗಿನ ಬುಡವು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಬೇಕು. ಇದು ನುರಿತ ಚಾಕುಗಾರರ ಕೆಲಸ. ಹಳ್ಳಿಯ ಕುಲುಮೆಗೆ ಕಮಾನಿಲ್ಲದ ಬಗೆಯೇ ತಕ್ಕದ್ದು: ಅಲಗಿನ ಬುಡವನ್ನು ಬಾಲದಂತೆ ಉದ್ದಮಾಡಿ ಹೊರಗೆ ಬಿಟ್ಟಿರುತ್ತಾರೆ, ತೆರೆದಾಗ ಆ ಬಾಲವು ಹಿಡಿಯ ಬೆನ್ನಿಗೆ ಒರಗುವುದು, ಅಂಗೈಯು ಅದನ್ನು ಒತ್ತಿ ಹಿಡಿದಿರುವವರೆಗೂ ಅಲಗು ಮಡಿಯಲಾರದು. ಜಪಾನಿನ ಮಿಕಿ ಎಂಬ ಊರಿನ ಹಿಗೊನೊಕಾಮಿ ಚಾಕು ಇದೇ ತತ್ತ್ವದ್ದು. ಬಹುಕಾಲ ಅಲ್ಲಿಯ ಶಾಲೆಯ ಹುಡುಗರು ಪೆನ್ಸಿಲು ಕೆತ್ತಲು ಅದನ್ನೇ ಬಳಸಿದರು. ಕೀಲಿನ ಮೊಳೆಯು ಉಕ್ಕಿನದಿರಲಿ, ಅದರ ಎರಡು ಮಗ್ಗುಲಿಗೂ ತೆಳುವಾದ ಹಿತ್ತಾಳೆಯ ಬಿಲ್ಲೆಗಳಿರಲಿ.

ಹಿಡಿಗೆ ಕರಿಜಾಲಿಯ ಒಳಗಟ್ಟಿ, ಹುಣಸೆಯ ಚೇಗು ಇವು ಹೆಸರಾದವು. ಬೇಲಿಯಲ್ಲಿಯೂ ಬೀಳು ನೆಲದಲ್ಲಿಯೂ ಬೆಳೆದು ಎಲ್ಲರ ಶಾಪಕ್ಕೆ ಗುರಿಯಾದ ಬಳ್ಳಾರಿ ಜಾಲಿಯ ಗಟ್ಟಿಯೂ ಇವುಗಳಿಗೆ ಬಿಟ್ಟುಕೊಡುವಂಥದಲ್ಲ. ಒಣಗುವಾಗ ಕುಗ್ಗುವುದು ಕಡಿಮೆ. ಯಾವ ಕಟ್ಟಿಗೆಯಾದರೂ ಹಸಿಯಾಗಿರಕೂಡದು. ಬೇಸಿಗೆಯಲ್ಲಿ ೪೦ ಡಿಗ್ರಿ ಮೀರುವ ಈ ಸೀಮೆಯ ಬಿಸಿಲಿಗೆ ಹಸಿ ಹಿಡಿಯು ಕುಗ್ಗಿ ಮೊಳೆಗಳು ಸಡಿಲುತ್ತವೆ. ಸೀಳಿ, ನೆರಳಿನಲ್ಲಿ ಒಂದು ವರ್ಷ ಒಣಗಿಸಿ, ಮಾಡಿದ ಮೇಲೆ ಅಗಸೆ ಎಣ್ಣೆಯನ್ನು ಮೂರು ನಾಲ್ಕು ಸಲ ಕುಡಿಸಿದರೆ ಮಳೆಗೂ ತಡೆಯುವುದು.

ಕೊಂಬಿನ ಹಿಡಿಯ ಬಗ್ಗೆ ಜಮೀನುದಾರರಿಗೆ ಎಚ್ಚರಿಕೆಯು ಅವಶ್ಯ. ಹಳೆಯ ವಾಡೆಗಳ ಗೋಡೆಗಳಲ್ಲಿ ಜಿಂಕೆ, ಕಡವೆ, ಕೃಷ್ಣಮೃಗಗಳ ಕೊಂಬುಗಳು ಅಜ್ಜಂದಿರ ಕಾಲದಿಂದ ತೂಗುತ್ತಿರುವುದುಂಟು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಇವುಗಳನ್ನು ಕೊಯ್ದು ಹಿಡಿ ಮಾಡಿಸುವುದೂ, ಮಾರುವುದೂ, ಕೊಳ್ಳುವುದೂ ಅಪರಾಧಕ್ಕೆ ದಾರಿ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬೆಂಬ ಸಮಾಧಾನವೂ ಕೆಲಸಕ್ಕೆ ಬಾರದು. ಮಾಡಿಸಿದವನ ಜೊತೆಗೆ ಮಾಡಿಕೊಟ್ಟ ಕಮ್ಮಾರನೂ ಸಿಕ್ಕಿಬೀಳುವನು.

ಅಲಗಿನ ಉದ್ದದ ಬಗ್ಗೆಯೂ ಕಾನೂನುಂಟು. ೧೯೫೯ರ ಆಯುಧ ಕಾಯಿದೆ ಮತ್ತು ೨೦೧೬ರ ನಿಯಮಗಳು ೯ ಅಂಗುಲಕ್ಕಿಂತ ಉದ್ದವೂ ೨ ಅಂಗುಲಕ್ಕಿಂತ ಅಗಲವೂ ಆದ ಅಲಗುಗಳನ್ನು ಆಯುಧಗಳ ಪಟ್ಟಿಗೆ ಸೇರಿಸಿವೆ. ಉದ್ದ, ಅಗಲಗಳಲ್ಲಿ ಒಂದು ಮೀರಿದರೂ ಸಾಕು. ಮನೆಗೆಲಸಕ್ಕೂ ಒಕ್ಕಲುತನಕ್ಕೂ ಮಾಡಿದವುಗಳನ್ನು ಅದರಿಂದ ಹೊರತುಪಡಿಸಿವೆ. ಮೂರು ಅಂಗುಲದ ಚಾಕುವಿಗೆ ಇದರ ತೊಡಕಿಲ್ಲ. ಆದರೂ ಚುನಾವಣೆ, ಗಲಭೆಗಳ ಕಾಲದಲ್ಲಿ ನಿಷೇಧಾಜ್ಞೆ ಹೊರಟಿದ್ದರೆ ಚಾಕುವನ್ನು ಮನೆಯಲ್ಲಿ ಬಿಟ್ಟುಹೋಗುವಂತೆ ಊರಿನ ಹಿರಿಯರು ಜನರಿಗೆ ಹೇಳತಕ್ಕದ್ದು. ಗುಂಡಿ ಒತ್ತಿದರೆ ತಾನೇ ಚಿಮ್ಮುವ ಚಾಕುವನ್ನು ಯಾವ ರೈತನೂ ಬಯಸಬಾರದು; ಹೊಲದ ಧೂಳಿಗೆ ಅದರ ಯಂತ್ರವು ಬಹುಕಾಲ ಬಾಳದು, ನೋಡಿದವರಿಗೆ ಸಂಶಯವೂ ತಪ್ಪದು.

ಕಮ್ಮಾರನ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ಆಯದ ಜೋಳದ ಮೇಲೆ ನಡೆಯುತ್ತಿದ್ದ ಕುಲುಮೆಗಳು ಊರೂರಿನಲ್ಲಿ ಆರುತ್ತಿವೆ. ೨೦೨೩ರ ಸೆಪ್ಟೆಂಬರ್ ೧೭ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ ೧೮ ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ಸಲಕರಣೆಗಳಿಗೆ ೧೫,೦೦೦ ರೂಪಾಯಿ, ಶೇಕಡಾ ೫ರ ಬಡ್ಡಿಯಲ್ಲಿ ಮೊದಲು ೧ ಲಕ್ಷ, ಅನಂತರ ೨ ಲಕ್ಷ ರೂಪಾಯಿಗಳ ಸಾಲ ಎಂದು ಅದರಲ್ಲಿ ಗೊತ್ತುಮಾಡಲಾಯಿತು. ಅರ್ಜಿಯ ಮೊದಲ ಪರಿಶೀಲನೆಯನ್ನು ಗ್ರಾಮ ಪಂಚಾಯತಿಗೇ ವಹಿಸಿರುವುದರಿಂದ, ಊರಿನ ಮುಖಂಡರು ಆ ಒಂದು ಕಾಗದವನ್ನು ಮೇಜಿನ ಮೇಲೆ ತಿಂಗಳುಗಟ್ಟಲೆ ಮಲಗಿಸದಿದ್ದರೆ ಅದೇ ದೊಡ್ಡ ಉಪಕಾರ.

ಸಿದ್ಧವಾದ ಚಾಕುವನ್ನು ತರುವ ಮುಂಚೆ ಅಲ್ಲಿಯೇ ಪರೀಕ್ಷಿಸಬೇಕು. ಐವತ್ತು ಸಲ ತೆರೆದು ಮುಚ್ಚಿ, ಅಲಗು ಅತ್ತಿತ್ತ ಅಲುಗುವುದೇ ಎಂದು ನೋಡಬೇಕು. ಮುಚ್ಚಿದಾಗ ಬಾಯಿಯು ಹಿಡಿಯ ಅಂಚಿಗಿಂತ ಒಳಗೆ ಅಡಗಿರಬೇಕು. ಒಣಗಿದ ಜಾಲಿಯ ಕಡ್ಡಿಯನ್ನು ಹತ್ತು ಸಲ ಕೆತ್ತಿ, ಅನಂತರ ಕಾಗದವನ್ನು ಕೊಯ್ಯಬೇಕು. ಬಾಯಿ ಮಡಿಚಿದ್ದರೆ ಹದವು ಮೆದು. ಸಣ್ಣ ಹಲ್ಲುಗಳು ಎದ್ದಿದ್ದರೆ ಹದವು ಬಿರುಸು. ಬಿರುಸಾದುದನ್ನು ಮತ್ತೆ ಬೆನ್ನಿನಿಂದ ಕಾಯಿಸಿ ಸರಿಪಡಿಸಬಹುದು. ಮೆದುವಾದುದಕ್ಕೆ ಮೊದಲಿನಿಂದಲೇ ಎಲ್ಲ ಕೆಲಸ. ಈ ಪರೀಕ್ಷೆಗೆ ಒಳ್ಳೆಯ ಕಮ್ಮಾರನು ಸಿಟ್ಟಾಗುವುದಿಲ್ಲ.

ಮಸೆಯುವಾಗ ಅಲಗನ್ನು ಕಲ್ಲಿನಿಂದ ೧೫ರಿಂದ ೨೦ ಡಿಗ್ರಿಯಷ್ಟು, ಎಂದರೆ ಬೆನ್ನಿನ ಕೆಳಗೆ ಒಂದು ಕಿರುಬೆರಳು ತೂರಲಾರದಷ್ಟು ಮಾತ್ರ, ಎತ್ತಿ ಹಿಡಿಯತಕ್ಕದ್ದು. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆಯೇ ಸರಿ. ಅಗಸೆ ಎಣ್ಣೆಯು ಅಲ್ಲಿ ಅಂಟಾಗಿ ಕಟ್ಟುವುದು. ನಿಂಬೆ, ಮಾವಿನಕಾಯಿಗಳನ್ನು ಕೊಯ್ದ ಮೇಲೆ ಒರಸದೆ ಮಡಿಸಕೂಡದು. ಮಹಾನವಮಿಯ ಖಂಡೆ ಪೂಜೆಯಲ್ಲಿ ನೀರು ಚಿಮುಕಿಸಿ, ಅರಿಷಿಣ ಕುಂಕುಮ ಹಚ್ಚಿ, ರಾತ್ರಿಯೆಲ್ಲ ಹಾಗೆಯೇ ಬಿಟ್ಟ ಚಾಕುವು ವಿಜಯದಶಮಿಯ ಬೆಳಿಗ್ಗೆ ತುಕ್ಕಿನ ಚುಕ್ಕೆಗಳೊಡನೆ ಎದುರಾಗುವುದು. ಪೂಜೆಗೆ ಮುಂಚೆ ಅಲಗಿಗೆ ತೆಳುವಾಗಿ ಕೊಬ್ಬರಿ ಎಣ್ಣೆಯನ್ನು ಸವರಿದ್ದರೆ ಆ ತೊಂದರೆಯಿಲ್ಲ.